ಬಿಸಿಲ ಕರೆಂಟು ನೋಡಲು ಪುಣೆಗೆ ಹೋದದ್ದು

ಹೊರಡುವ ಮುನ್ನ

ಪರದೇಶಕ್ಕೆ ಹೋಗಿ ಬಂದವರು ತಮ್ಮ ಕಥೆಯನ್ನು ವಿಮಾನದ ಕಿಟಕಿಯಿಂದ ಆರಂಭಿಸುತ್ತಾರೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ನನ್ನ ಜೊತೆ ಬಂದ ಕಾಶವ್ವನ ಹತ್ತಿರ ರೇಷನ್ ಕಾರ್ಡು, ಆಧಾರ್ ಕಾರ್ಡು ಬಿಟ್ಟರೆ ಬೇರೆ ಕಾಗದವೇ ಇಲ್ಲ. ಆದರೂ ಇದು ಪರದೇಶದ ಪ್ರವಾಸವೇ. ಮಾತು ತಿಳಿಯದ ಊರೆಲ್ಲ ಪರದೇಶ ಎನ್ನುವುದು ಕಾಶವ್ವನ ಮತ. ಆ ಪ್ರಕಾರ ಮಿರಜ ದಾಟಿದ ಮೇಲೆ ನಾವಿಬ್ಬರೂ ಪರದೇಶದಲ್ಲಿದ್ದೆವು.

ನಮ್ಮೂರು ಮುಧೋಳದ ಹತ್ತಿರ. ಅಲ್ಲಿ ನಾವು ಹನ್ನೊಂದು ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡಿ ಮಾರುವ ಕೇಂದ್ರ ನಡೆಸುತ್ತೇವೆ. ಹಿಟ್ಟು ನಾದಲು ಒಂದು ಯಂತ್ರವಿದೆ, ರೊಟ್ಟಿ ಒತ್ತಲು ಇನ್ನೊಂದು. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು ಕಾಯುವುದಿಲ್ಲ. ನಡುವೆ ಕರೆಂಟು ಹೋಯಿತೆಂದರೆ ಅದರ ಜಿಗುಟು ಹೋಗಿ, ರೊಟ್ಟಿಯ ಅಂಚೆಲ್ಲ ಸೀಳುತ್ತದೆ. ಅದಕ್ಕೇ ಕಟ್ಟಡದ ಮೇಲೆ ಸೋಲಾರ್ ಹಾಕಿಸಿ, ಜೊತೆಗೆ ಬ್ಯಾಟರಿಯನ್ನೂ ಇಡೋಣ ಎಂದು ನಾನು ಸಭೆಯಲ್ಲಿ ಹೇಳಿದೆ. ಒಂಬತ್ತು ಮಂದಿ ಹೂಂ ಎಂದು ತಲೆಯಾಡಿಸಿ ಕಾಶವ್ವನ ಮುಖ ನೋಡಿದರು. ನಮಗೆಲ್ಲ ರೊಟ್ಟಿ ಬಡಿಯಲು ಕಲಿಸಿದವಳು ಅವಳು. ಅರವತ್ತು ದಾಟಿದ್ದಾಳೆ. ಅವಳು ಬೇಡ ಎಂದರೆ ನಮ್ಮಲ್ಲಿ ಒಲೆ ಕೂಡ ಜಾಗ ಬದಲಿಸುವುದಿಲ್ಲ.

ಸೋಲಾರ್ ಮಾರುವ ಮನುಷ್ಯನೊಬ್ಬ ಬಾಗಲಕೋಟೆಯಿಂದ ಬಂದು ಬಣ್ಣದ ಕಾಗದ ಹರಡಿ ವಿವರಿಸಿದ. ಕಾಶವ್ವ ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು:

"ಇದರ ಕರೆಂಟು ಕಂಬಕ್ಕ ವಾಪಸ್ ಹೊಕ್ಕೈತೇನ?"

ಆತನಿಗೆ ಖುಷಿಯಾಯಿತು. "ಹೋಗದೇನ್ರಿ ಯವ್ವಾ, ನೀವು ಬಳಸಿ ಉಳಿದದ್ದು ಎಲ್ಲಾ ವಾಪಸ್ ಹೊಕ್ಕೈತಿ. ಅದ ನಿಮಗ ಲಾಭ" ಎಂದ.

ಕಾಶವ್ವ ಸೆರಗು ಕೊಡವಿ ಎದ್ದು ನಿಂತಳು. "ಹಂಗಾದ್ರ ಬ್ಯಾಡ" ಎಂದಳು. ಲಾಭ ಬೇಡ ಎನ್ನುವ ಗಿರಾಕಿಯನ್ನು ಆತ ಹಿಂದೆ ಕಂಡಿರಲಿಕ್ಕಿಲ್ಲ. ನಾನೂ ಕಂಡಿರಲಿಲ್ಲ. ಯಾಕೆಂದು ಕೇಳಿದರೆ, "ಬಿಸಲಾಗ ಸಂಡಿಗಿ ಒಣಗತಾವು. ಕರೆಂಟು ಎಲ್ಲೆರೆ ಹುಟ್ಟತೈತೇನ?" ಎಂದು ಮಾತು ಹಾರಿಸಿದಳು.

ಪುಣೆಯಲ್ಲಿ ನನ್ನ ಚಿಕ್ಕವ್ವನ ಮಗ ಗುರುಪಾದ ಇದ್ದಾನೆ. ಸೋಲಾರ್ ಕೂಡಿಸುವುದೇ ಅವನ ಉದ್ಯೋಗ. "ಅಕ್ಕಾ, ಅವ್ವಾರನ್ನ ಕರಕೊಂಡು ಇಲ್ಲಿಗೇ ಬಾ. ನಡೆಯೋದನ್ನ ಕಣ್ಣಾರೆ ನೋಡ್ಲಿ" ಎಂದು ಫೋನಿನಲ್ಲಿ ಹೇಳಿದ. ಕಾಶವ್ವ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವಳು ಮರುದಿನವೇ ಬುತ್ತಿ ಕಟ್ಟಿಕೊಂಡು ಬಂದು ನಿಂತಳು.

ಮಿರಜದಿಂದ ಮುಂದೆ

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಬದಿಯ ಮರಾಠಿ ಹೆಂಗಸು ತನ್ನ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಶವ್ವನಿಗೆ ಜಾಗ ಮಾಡಿ, "ಬಸಾ, ಬಸಾ ಮಾವಶಿ" ಎಂದಳು.

ಕಾಶವ್ವ ಹಿಂದೆ ತಿರುಗಿ ನೋಡಿದಳು. "ಬಸ್ಯಾ ಅನ್ನಾಂವ ಯಾಂವ ಅದಾನ ಇಲ್ಲೆ?"

ಬಸಾ ಎಂದರೆ ಕೂತುಕೊಳ್ಳಿ ಎಂದು ಅರ್ಥ ಎಂದು ನಾನು ಹೇಳುವುದರೊಳಗೆ ಆ ಹೆಂಗಸು ಇನ್ನೆರಡು ಸಲ ಬಸ್ಯಾನನ್ನು ಕರೆದಿದ್ದಳು. ಕೊನೆಗೆ ಕಾಶವ್ವ ಕೂತಳು. ಕೂತ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿ, ಮೊಸರು ಆ ಹುಡುಗಿಗೂ ಅವಳ ತಾಯಿಗೂ ಕೊಟ್ಟಳು. ಅವರು ತಮ್ಮ ಡಬ್ಬಿಯಿಂದ ಬೇಸನ್ ಲಾಡು ಕೊಟ್ಟರು. ಸಾತಾರಾ ಬರುವಷ್ಟರಲ್ಲಿ ಇಬ್ಬರೂ ಅತ್ತೆ-ಸೊಸೆಯರ ವಿಷಯ ಮಾತಾಡುತ್ತಿದ್ದರು. ಒಬ್ಬಳು ಮರಾಠಿಯಲ್ಲಿ, ಇನ್ನೊಬ್ಬಳು ಕನ್ನಡದಲ್ಲಿ. ಆಕೆಗೆ ಇವಳ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ, ತಲೆ ಮಾತ್ರ ಸರಿಯಾದ ಜಾಗದಲ್ಲೇ ಆಡಿಸುತ್ತಿದ್ದಳು.

ಸಾತಾರಾ ಬಿಟ್ಟ ಮೇಲೆ ಮಳೆ ಹಿಡಿಯಿತು. ಕಿಟಕಿಯಾಚೆ ಗುಡ್ಡಗಳೇ ಕಾಣಿಸಲಿಲ್ಲ. "ಬಿಸಲ ಕರೆಂಟು ನೋಡಾಕ ಚಲೋ ದಿನಾ ಹಿಡದೀ ಶೋಭಾ" ಎಂದು ಕಾಶವ್ವ ನನ್ನನ್ನು ಚುಚ್ಚಿದಳು.

ಸದಾಶಿವ ಪೇಠ

ಗುರುಪಾದ ನಿಲ್ದಾಣದಿಂದ ನಮ್ಮನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ನೇರ ಸದಾಶಿವ ಪೇಠಕ್ಕೆ ಕರೆತಂದ. ಅವನು ಸಾಮಾನು ತರುವ ಸೋಲಾರ್ ಅಂಗಡಿ ಅಲ್ಲಿದೆ, ಎಲ್ಲವನ್ನೂ ಒಂದೇ ಕಡೆ ತೋರಿಸಬಹುದು ಎಂದು ಅವನ ಲೆಕ್ಕಾಚಾರ. ಮನೆಗೆ ಮನೆ ಅಂಟಿಕೊಂಡ ಓಣಿ. ಕೆಳಗೆ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು, ಅದರ ಮೇಲೆ ಮನೆ. ಸ್ಕೂಟರಿನ ಮೇಲೆ ಹೋಗುವ ಹೆಣ್ಣುಮಕ್ಕಳೆಲ್ಲ ಮುಖಕ್ಕೆ ಓಢಣಿ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿದ್ದರು. "ಇವರ ಅವ್ವಂದಿರು ಗುರುತು ಹೆಂಗ ಹಿಡೀತಾರ?" ಎಂದು ಕಾಶವ್ವ ಕೇಳಿದಳು.

ಅಂಗಡಿ ಮುಚ್ಚಿತ್ತು. ಬಾಗಿಲಿಗೆ ಒಂದು ಹಲಗೆ. ಗುರುಪಾದ ಓದಿ ಹೇಳಿದ: "ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿದರೂ ಮುಚ್ಚಿಯೇ ಇರುತ್ತದೆ."

ಗುರುಪಾದನಿಗೆ ನಾಚಿಕೆಯಾಯಿತು. ಈ ಊರಲ್ಲಿ ಹದಿನೈದು ವರ್ಷ ಕಳೆದರೂ ಮಧ್ಯಾಹ್ನದ ನಿದ್ದೆಯ ಹೊತ್ತನ್ನು ಮರೆತಿದ್ದ. ಕಾಶವ್ವನಿಗೆ ಮಾತ್ರ ಆ ಹಲಗೆ ಭಾಳ ಹಿಡಿಸಿತು. "ಸೂರ್ಯಾ ನೆತ್ತಿ ಮ್ಯಾಲ ಬಂದಾಗ ಸೋಲಾರ್ ಅಂಗಡ್ಯಾಂವ ಮಲಗತಾನ. ನಮ್ಮ ಕೇಂದ್ರಕ್ಕೂ ಹಿಂತಾದೊಂದು ಹಲಗಿ ಬರಸೂಣು" ಎಂದಳು.

ನಾಲ್ಕು ಗಂಟೆವರೆಗೆ ಕಾಯಬೇಕಿತ್ತು. ಎದುರಿಗೆ ಹುಡುಗರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸಾಲಾಗಿ ನಿಂತ ಒಂದು ಖಾನಾವಳಿ ಇತ್ತು. ಫಲಕ ನೋಡಿ ನಾನೇ ಓದಿದೆ: ಪೋಳಿ-ಭಾಜಿ. ಕಾಶವ್ವ ನಿಂತುಬಿಟ್ಟಳು. ಈ ಹುಡುಗರು ದಿನಾಲೂ ಹೋಳಿಗೆ ತಿನ್ನುತ್ತಾರೆಯೇ ಎಂದು ಅವಳಿಗೆ ಆಶ್ಚರ್ಯ. ನನಗೂ ಬಾಯಲ್ಲಿ ನೀರು ಬಂತು. ಮೂವರೂ ಸಾಲಿನಲ್ಲಿ ನಿಂತೆವು. ತಟ್ಟೆಗೆ ಬಿದ್ದದ್ದು ಮೂರು ಚಪಾತಿ, ಒಂದಿಷ್ಟು ಬಟಾಟೆ ಪಲ್ಯ. ಪುಣೆಯಲ್ಲಿ ಚಪಾತಿಗೇ ಪೋಳಿ ಎನ್ನುತ್ತಾರಂತೆ. ಗುರುಪಾದ ಮೊದಲೇ ಹೇಳಬಹುದಿತ್ತು, ಆದರೆ ನಮ್ಮ ಮುಖ ನೋಡಬೇಕೆಂದು ಸುಮ್ಮನಿದ್ದ. ಕಾಶವ್ವ ಚಪಾತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಹೆಸರಿಗೆ ಹೋಳಿಗಿ, ಒಳಗ ಹೂರಣ ಇಲ್ಲ" ಎಂದು ತಿಂದಳು. ಎರಡನೆಯ ಸಲ ಪಲ್ಯ ಹಾಕಿಸಿಕೊಂಡಳು ಎಂಬುದನ್ನೂ ಹೇಳಬೇಕು.

ನಾಲ್ಕಕ್ಕೆ ಸರಿಯಾಗಿ ಅಂಗಡಿ ತೆರೆಯಿತು. ಮಾಲೀಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಖ ತೊಳೆದು, ನಿದ್ದೆ ಮುಗಿಸಿದ ತೃಪ್ತಿಯಲ್ಲಿದ್ದರು. ನಾವು ಕರ್ನಾಟಕದಿಂದ ಬಂದಿದ್ದೇವೆ, ಸೋಲಾರ್ ನೋಡಬೇಕು ಎಂದು ಗುರುಪಾದ ಮರಾಠಿಯಲ್ಲಿ ಹೇಳಿದ. ಅವರು ಬಾಗಿಲಾಚೆಯ ಮಳೆ ತೋರಿಸಿ ಒಂದು ವಾಕ್ಯ ಹೇಳಿದರು. ಗುರುಪಾದ ಅದನ್ನು ಅನುವಾದಿಸಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದ: "ಮಾವಿನಹಣ್ಣು ನೋಡ್ಲಿಕ್ಕೆ ಮಳಿಗಾಲದಾಗ ಬಂದಾರೇನು ಅಂತ ಕೇಳ್ತಾರ." ನಮ್ಮ ಕಡೆಯ ಅಂಗಡಿಯವನು ಗಿರಾಕಿಗೆ ಮೊದಲು ಚಹಾ ತರಿಸುತ್ತಾನೆ, ಆಮೇಲೆ ಸುಳ್ಳು ಹೇಳುತ್ತಾನೆ. ಇಲ್ಲಿ ಚಹಾವೂ ಇಲ್ಲ, ಸುಳ್ಳೂ ಇಲ್ಲ.

ಖಡಕಿ

ಗುರುಪಾದನ ಮನೆ ಖಡಕಿಯಲ್ಲಿ. ಅವನು ಹುಟ್ಟಿದ್ದು ಅಫಜಲಪುರದ ಕಡೆ. ನಮ್ಮ ಚಿಕ್ಕವ್ವ, ಕಾಕಾ ಕಟ್ಟಡದ ಕೂಲಿಗೆಂದು ಪುಣೆಗೆ ಬಂದಾಗ ಅವನಿಗೆ ಮದುವೆಯ ವಯಸ್ಸು. ತಾನೂ ಮೂರು ವರ್ಷ ಇಟ್ಟಿಗೆ ಹೊತ್ತು, ಆಮೇಲೆ ವೈರಿಂಗ್ ಕಲಿತ. "ನಮ್ಮವ್ವ ಉಸುಕು ಹೊತ್ತ ಬಿಲ್ಡಿಂಗಿನ ಮ್ಯಾಲ ಹೋದ ತಿಂಗಳ ನಾನ ಪ್ಯಾನಲ್ ಕೂಡಿಸೀನಿ ಅಕ್ಕಾ" ಎಂದು ಬೆಳಗಿನ ಚಹಾ ಕುಡಿಯುತ್ತ ಹೇಳಿದ. ಹೆಮ್ಮೆಯಿಂದಲ್ಲ, ಸುದ್ದಿ ಹೇಳುವಂತೆ ಹೇಳಿದ.

ಎರಡನೆಯ ದಿನವೂ ಮಳೆ. ಅವನು ನಮ್ಮನ್ನು ಪಕ್ಕದ ಓಣಿಯ ನಿವೃತ್ತ ಸುಬೇದಾರರ ಮನೆಗೆ ಕರೆದೊಯ್ದ. ಅವರ ಮನೆಗೆ ಸೋಲಾರ್ ಹಾಕಿದವನು ಅವನೇ. ನಾವು ಹೋದಾಗ ಸುಬೇದಾರರು ಮಳೆಯಲ್ಲೇ ರೇನ್‌ಕೋಟು ತೊಟ್ಟು, ಮಾಳಿಗೆಯ ಮೇಲೆ ಉದ್ದನೆಯ ಬ್ರಶ್ಶಿನಿಂದ ಪ್ಯಾನಲ್ ಒರೆಸುತ್ತಿದ್ದರು. ಮಳೆಯೇ ತೊಳೆಯುತ್ತಿರುವಾಗ ಇದೇಕೆ ಎಂದು ಕೇಳಿದ್ದಕ್ಕೆ, ಮಳೆ ಮೂಲೆಗಳನ್ನು ಬಿಡುತ್ತದೆ ಎಂದರು. ಅವರ ಹೆಂಡತಿ ಕೆಳಗಿನಿಂದಲೇ ಹಿಂದಿಯಲ್ಲಿ, ನಲವತ್ತು ವರ್ಷದಲ್ಲಿ ಉಂಡ ತಟ್ಟೆ ಒಂದು ದಿನವೂ ತೊಳೆದಿಲ್ಲ, ಈ ತಟ್ಟೆಗಳನ್ನು ಮಾತ್ರ ದಿನಾ ತೊಳೆಯುತ್ತಾರೆ ಎಂದರು.

ಗೋಡೆಯ ಮೇಲೆ ಕಪಾಟಿನ ಗಾತ್ರದ ಬಿಳಿ ಪೆಟ್ಟಿಗೆ ಇತ್ತು. ಅದೇ ಬ್ಯಾಟರಿ. ಸದ್ದಿಲ್ಲ, ವಾಸನೆಯಿಲ್ಲ. ಹಳೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ ಹಾಕಿ ಸೀರೆಗೆ ತೂತು ಮಾಡಿಕೊಂಡ ನನಗೆ ಅದು ದೇವರಪೆಟ್ಟಿಗೆಯ ಹಾಗೆ ಕಂಡಿತು. ಮಳೆಯಲ್ಲೂ ಸ್ವಲ್ಪ ಸ್ವಲ್ಪ ತುಂಬುತ್ತಿದೆ ಎಂದು ಸುಬೇದಾರರು ತಮ್ಮ ಮೊಬೈಲ್ ತೋರಿಸಿದರು. ಅರ್ಧ ಗೆದ್ದೆ ಎಂದುಕೊಂಡೆ.

ಆಗ ಕಾಶವ್ವ ಗುರುಪಾದನಿಗೆ ಹೇಳಿದಳು: "ಅವರನ್ನ ಕೇಳಪಾ, ಇದು ಕಂಬಕ್ಕ ವಾಪಸ್ ಹೊಕ್ಕೈತೇನ ಅಂತ."

ಅವನು ಹಿಂದಿಯಲ್ಲಿ ಕೇಳಿದ. ಸುಬೇದಾರರು ಎದೆ ಮುಂದೆ ಮಾಡಿ, ಹೋಗದೆ ಏನು, ಬೇಸಿಗೆಯಲ್ಲಿ ನನ್ನ ಕರೆಂಟಿನಲ್ಲೇ ಇಡೀ ಓಣಿಯ ಫ್ಯಾನುಗಳು ತಿರುಗುತ್ತವೆ ಎಂದರು. ಗುರುಪಾದ ಅದನ್ನು ನಗುನಗುತ್ತ ಕನ್ನಡಕ್ಕೆ ತಂದ.

ಕಾಶವ್ವ ನಗಲಿಲ್ಲ. ಮನೆಗೆ ಬಂದ ಮೇಲೆ ಬಟ್ಟೆ ಮಡಿಚಿ ಚೀಲಕ್ಕೆ ತುಂಬತೊಡಗಿದಳು.

"ನಾಳಿ ಊರಿಗೆ ಹೋಗೂಣು" ಎಂದಳು.

ನನಗೆ ಸಿಟ್ಟು ಬಂತು. "ಕಾಶವ್ವಾ, ನಿನಗ ಏನ್ ಬೇಕು ಅದನ್ನರೆ ಹೇಳು. ಎಲ್ಲಾರೂ ನಿನ್ನ ಬಾಯಿ ನೋಡಿಕೋತ ಕುಂತಾರ. ಬ್ಯಾಡ ಅಂದ್ರ ಯಾಕ ಬ್ಯಾಡ?"

"ನನಗೇನೂ ಬ್ಯಾಡ ಶೋಭಾ. ನೀವು ಹಾಕಸಕೋರಿ. ನಾ ಕೇಂದ್ರ ಬಿಡತೀನಿ."

ಅವಳು ಇದನ್ನು ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಮೆತ್ತಗೆ ಹೇಳಿದಳು. ಕಾಶವ್ವ ಬಿಟ್ಟರೆ ಕೇಂದ್ರ ಎಲ್ಲಿ ಉಳಿಯುತ್ತದೆ? ಪ್ಯಾನಲ್ಲುಗಳ ಆಸೆಯಿಂದ ಮನುಷ್ಯಳನ್ನೇ ಕಳೆದುಕೊಳ್ಳುವಂತಾಯಿತಲ್ಲ ಎಂದು ನನಗೆ ಊಟ ಸೇರಲಿಲ್ಲ. ಗುರುಪಾದ ಅವಳ ಕಾಲ ಬಳಿ ಕೂತು, "ಅವ್ವಾರ, ನಾಳೆ ಒಂದ್ ಜಾಗ ನೋಡ್ರಿ. ಅದೂ ರೊಟ್ಟಿ ಮಾಡೋ ಜಾಗಾನೇ ಅದ. ಆಮ್ಯಾಲ ನಾನ ರೈಲು ಹತ್ತಸ್ತೀನಿ" ಎಂದ. ರೊಟ್ಟಿ ಎಂದದ್ದಕ್ಕೆ ಅವಳು ಒಪ್ಪಿದಳು.

ದೇಹೂ ರೋಡ್

ಖಡಕಿಯಿಂದ ಲೋಕಲ್ ರೈಲು ಹತ್ತಿ ದೇಹೂ ರೋಡಿನಲ್ಲಿ ಇಳಿದೆವು. ಮೂರನೆಯ ದಿನದ ಮಳೆ ತುಂತುರಿಗೆ ಇಳಿದಿತ್ತು. ಬಜಾರಿನ ಓಣಿಯಲ್ಲಿ ಸುಮನ್‌ತಾಯಿ ಎಂಬವರ ಪೋಳಿ-ಭಾಕರಿ ಕೇಂದ್ರವಿದೆ. ಅಲ್ಲಿ ಸೋಲಾರ್, ಬ್ಯಾಟರಿ ಎರಡನ್ನೂ ಕೂಡಿಸಿದವನು ಗುರುಪಾದನೇ. ಭಾಕರಿ ಎಂದರೆ ನಮ್ಮ ರೊಟ್ಟಿಯೇ, ಸ್ವಲ್ಪ ದಪ್ಪ. ಸುತ್ತಲಿನ ಕಾರ್ಖಾನೆಗಳಿಗೆ ದಿನಾ ಮಧ್ಯಾಹ್ನ ಡಬ್ಬಿ ಹೋಗುತ್ತದೆ. ನಾಲ್ಕು ಹೆಂಗಸರು ಕೆಲಸ ಮಾಡುತ್ತಿದ್ದರು. ನಾದುವ ಯಂತ್ರ ನಮ್ಮದರಂತೆಯೇ ಇತ್ತು. ಪೋಳಿ ಒತ್ತಿ ಬೇಯಿಸುವ ಯಂತ್ರ ಮಾತ್ರ ಕರೆಂಟಿನಿಂದಲೇ ಕಾಯುವಂಥದು.

"ಯಾ, ಬಸಾ" ಎಂದರು ಸುಮನ್‌ತಾಯಿ. ಕಾಶವ್ವ ಈ ಸಲ ತಟ್ಟನೆ ಕೂತು ನನ್ನ ಕಡೆ ನೋಡಿದಳು. ಮರಾಠಿ ಬಂತು ಎಂದು ಆ ನೋಟದ ಅರ್ಥ.

ಹತ್ತೂವರೆಯ ಹೊತ್ತಿಗೆ ಓಣಿಯ ತುದಿಯಲ್ಲಿ ಢಬ್ ಎಂದು ದೊಡ್ಡ ಸದ್ದಾಯಿತು. ಎದುರಿನ ಅಂಗಡಿಗಳ ದೀಪ ಒಟ್ಟಿಗೇ ಆರಿದವು. ನಮ್ಮ ತಲೆಯ ಮೇಲಿನ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿ ಹಾಗೆಯೇ ಉರಿಯಿತು. ಫ್ಯಾನು ತಿರುಗುತ್ತಿತ್ತು. ನಾದುವ ಯಂತ್ರ ಹಿಟ್ಟನ್ನು ಹೊರಳಿಸುತ್ತಲೇ ಇತ್ತು. ನನಗೆ ಎದ್ದು ಚಪ್ಪಾಳೆ ತಟ್ಟುವಷ್ಟು ಸಂತೋಷ. ಅಷ್ಟರಲ್ಲಿ ಪೋಳಿ ಯಂತ್ರ ನಿಂತಿತು.

ಗುರುಪಾದ ತಲೆ ಕೆರೆದುಕೊಂಡ. "ಕಾಯಿಸೋ ಮಶೀನ್ ಬ್ಯಾಟರಿಗೆ ಹಚ್ಚಿಲ್ಲ ಅಕ್ಕಾ. ಕಾವು ಅಂದ್ರ ಭಾಳ ಕರೆಂಟು ತಿಂತದ. ಅದನ್ನ ಹಚ್ಚಿದ್ರ ಈ ಮೋಡದಾಗ ಬ್ಯಾಟರಿ ಮಧ್ಯಾಹ್ನದ ತನಕನೂ ಬಾಳಂಗಿಲ್ಲ. ನಾದೋದು, ದೀಪ, ಫ್ಯಾನು, ಫ್ರಿಜ್, ಇಷ್ಟಕ್ಕ ಸಂಜಿ ಮಟಾ ಬರ್ತದ."

ಇದನ್ನು ಬಾಗಲಕೋಟೆಯ ಮನುಷ್ಯ ನನಗೆ ಹೇಳಿರಲಿಲ್ಲ. ಬ್ಯಾಟರಿಯೆಂದರೆ ಎಲ್ಲವೂ ನಡೆಯುತ್ತದೆ ಎಂದು ನಾನು ನಂಬಿದ್ದೆ. ಮೂರು ದಿನ ಬಿಸಿಲು ಬಿದ್ದಿದ್ದರೆ, ಈ ಓಣಿಯ ಕರೆಂಟು ಹೋಗದೆ ಇದ್ದಿದ್ದರೆ, ಇದು ತಿಳಿಯದೆ ಊರಿಗೆ ಮರಳುತ್ತಿದ್ದೆ.

ಸುಮನ್‌ತಾಯಿಗೆ ಅದಕ್ಕಿಂತ ದೊಡ್ಡ ಚಿಂತೆ. ಡಬ್ಬಿ ಒಯ್ಯುವ ಗಾಡಿ ಹನ್ನೆರಡಕ್ಕೆ ಬರುತ್ತದೆ. ಪೋಳಿ ಅರ್ಧವೂ ಆಗಿಲ್ಲ. ಅವರು ಗ್ಯಾಸ್ ಒಲೆಗಳನ್ನು ಹೊತ್ತಿಸಿ ತವೆ ಏರಿಸಿದರು. ಕಾಶವ್ವ ಎದ್ದು, ಕೈ ತೊಳೆದು, ಜೋಳದ ಹಿಟ್ಟಿನ ಡಬ್ಬಿ ತೋರಿಸಿ, "ಭಾಕರಿ, ಭಾಕರಿ" ಎಂದಳು. ಪೋಳಿ ಆಗದಿದ್ದರೆ ಭಾಕರಿ ಹೋಗಲಿ ಎಂದು ಅರ್ಥ. ಸುಮನ್‌ತಾಯಿ ಹೂಂ ಎಂದರು.

ಆಮೇಲೆ ಆದದ್ದನ್ನು ನೋಡಬೇಕಿತ್ತು. ಯಂತ್ರ ನಾದಿಕೊಟ್ಟ ಹಿಟ್ಟು, ಕಾಶವ್ವನ ಕೈ. ಎಂಟೇ ಏಟಿಗೆ ರೊಟ್ಟಿ ತಟ್ಟೆಯಗಲ ಆಗುತ್ತಿತ್ತು. ನಾನು ಬೇಯಿಸಿದೆ. ಆ ನಾಲ್ವರು ಹೆಂಗಸರು ತಮ್ಮ ಕೆಲಸ ಬಿಟ್ಟು ನೋಡಿದರು. ಒಬ್ಬಳು ತಾನೂ ಹಾಗೆ ತೆಳ್ಳಗೆ ಬಡಿಯಲು ಹೋಗಿ ಹರಿದುಕೊಂಡಳು. ಕಾಶವ್ವ ಅವಳ ಮಣಿಕಟ್ಟು ಹಿಡಿದು ಕನ್ನಡದಲ್ಲೇ ತಿದ್ದಿದಳು. ಮೂರು ದಿನದಲ್ಲಿ ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಕಂಡಿರಲಿಲ್ಲ. ಕೊನೆಯ ಡಬ್ಬಿ ಕಟ್ಟುವವರೆಗೂ ಗಾಡಿ ಹತ್ತು ನಿಮಿಷ ಮಾತ್ರ ಕಾಯಬೇಕಾಯಿತು.

ಗಾಡಿ ಹೋದ ಮೇಲೆ ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರು ಛತ್ರಿ ಹಿಡಿದು ಬಂದು ಗುರುಪಾದನ ಮೇಲೆ ಏರಿ ಹೋದರು. ಅವರ ಮಾಳಿಗೆಯ ಮೇಲೂ ಪ್ಯಾನಲ್‌ಗಳಿದ್ದವು. ಬೇರೆ ಯಾರೋ ಕೂಡಿಸಿದ್ದು. ಪೇಶಂಟು ಬಾಯಿ ತೆರೆದು ಕೂತಿದ್ದಾನೆ, ಮೇಲೆ ಪ್ಯಾನಲ್ ಇದೆ, ಹೊರಗೆ ಹಗಲಿದೆ, ಒಳಗೆ ಮಾತ್ರ ಕತ್ತಲು, ಇದೆಂಥ ಸೋಲಾರ್ ಎಂದು ಕೇಳಿದರು. ಗುರುಪಾದ ಮರಾಠಿಯಲ್ಲಿ ಬಹಳ ಹೊತ್ತು ವಿವರಿಸಿದ. ಅವರು ಗೊಣಗುತ್ತ ಹೋದರು.

"ಏನಂತ ಅವ್ರದು?" ಕಾಶವ್ವ ಕೇಳಿದಳು.

"ಏನಿಲ್ರಿ. ಬ್ಯಾಟರಿ ಇಲ್ಲದ ಸೋಲಾರು, ಓಣಿ ಕರೆಂಟು ಹೋತು ಅಂದ್ರ ತಾನೂ ಬಂದ್ ಆಗ್ತದ. ಹಂಗೇ ಮಾಡಿರ್ತಾರ."

"ಬಿಸಿಲಿದ್ರೂ?"

"ಬಿಸಿಲಿದ್ರೂ ರೀ."

"ಯಾಕ ಹಂಗ ಮಾಡ್ಯಾರ?"

"ಮತ್ತ ರಿಪೇರಿಗೆ ಲೈನ್‌ಮನ್ ಕಂಬ ಹತ್ತತಾನಲ್ರಿ. ಲೈನ್ ಬಂದ್ ಅದ ಅಂತ ತಿಳಕೊಂಡು ಕೈ ಹಚ್ಚತಾನ. ಇವರ ಮನಿ ಕರೆಂಟು ವಾಪಸ್ ಹೋದ್ರ ಅವ ಉಳೀತಾನೇನ್ರಿ?"

ಕಾಶವ್ವ ಕೈಗೆ ಹತ್ತಿದ ಹಿಟ್ಟನ್ನು ಉಜ್ಜುತ್ತಿದ್ದವಳು ನಿಲ್ಲಿಸಿದಳು. ತಲೆಯೆತ್ತಿ ಉರಿಯುತ್ತಿದ್ದ ಟ್ಯೂಬ್‌ಲೈಟು ನೋಡಿದಳು.

"ಹಂಗಾರ ಇದು ಹೆಂಗ ಉರ್ಯಾಕತ್ತೈತಿ? ಇದು ಹೋಗಾಕತ್ತಿಲ್ಲೇನ ಕಂಬಕ್ಕ?"

ಆಗ ನನಗೆ ಅವಳ ಪ್ರಶ್ನೆ ಮೊದಲ ಸಲ ಕೇಳಿಸಿತು. ಬಾಗಲಕೋಟೆಯ ಮನುಷ್ಯನ, ಸುಬೇದಾರರ, ನನ್ನ, ಎಲ್ಲರ ಕಿವಿಗೂ ಬಿದ್ದಿತ್ತು. ಕೇಳಿಸಿರಲಿಲ್ಲ.

ಗುರುಪಾದನೂ ನಗಲಿಲ್ಲ. ಅವಳನ್ನು ಮೀಟರಿನ ಹತ್ತಿರ ಕರೆದೊಯ್ದು ಅದರ ಪಕ್ಕದ ಪೆಟ್ಟಿಗೆ ತೋರಿಸಿದ. "ಓಣಿ ಕರೆಂಟು ಇದ್ದಾಗ ಉಳಿದದ್ದು ವಾಪಸ್ ಹೋಗ್ತದ್ರಿ ಅವ್ವಾರ. ಸುಬೇದಾರರು ಹೇಳಿದ್ದು ಸುಳ್ಳಲ್ಲ. ಓಣಿದು ಹೋದ ತಕ್ಷಣ ಈ ಪೆಟ್ಟಿಗಿ ಹೊರಗಿನ ಸಂಬಂಧ ಕಡಕೊಂಡು, ಮನಿಯೊಳಗಷ್ಟ ಕೊಡ್ತದ. ದೀಪ ಒಮ್ಮಿ ಮಿಟುಕಿಸ್ತಲ್ರಿ, ಆವಾಗ ಕಡಕೊಂಡದ್ದು." ಟೆಸ್ಟರನ್ನು ಒಳಗಿನ ತಂತಿಗೆ ಮುಟ್ಟಿಸಿದ. ಕೆಂಪು ದೀಪ ಹೊತ್ತಿತು. ಹೊರಗಿನಿಂದ ಬರುವ ತಂತಿಗೆ ಮುಟ್ಟಿಸಿದ. ಹೊತ್ತಲಿಲ್ಲ. ಕಾಶವ್ವ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ತೋರಿಸಿದ. ಮೂರನೆಯ ಸಲವೂ ತೋರಿಸಿದ.

ಅವಳು ಮೆಟ್ಟಿಲ ಮೇಲೆ ಕೂತಳು. "ನನ್ನ ತಮ್ಮ ಮಲ್ಲಪ್ಪ ಲೈನ್‌ಮನ್ ಇದ್ದ" ಎಂದಳು. "ಮಳೀಗಾಲದಾಗ ಲೈನ್ ಬಂದ್ ಮಾಡಸಿ ಕಂಬ ಹತ್ಯಾನ. ಆಚಿ ಓಣ್ಯಾಗ ಗಿರಣಿಯಾಂವ ಜನರೇಟರ್ ಚಾಲೂ ಮಾಡ್ಯಾನ. ಅಂವಗೂ ಗೊತ್ತಿಲ್ಲ, ಇಂವಗೂ ಗೊತ್ತಿಲ್ಲ. ಕರೆಂಟು ಹಿಂದಿನಿಂದ ಬಂತು. ನಾನ ಬುತ್ತಿ ಕೊಟ್ಟು ಕಳಸಿದ್ದೆ ಮುಂಜಾನೆ."

ಇಪ್ಪತ್ತು ವರ್ಷ ಅವಳ ಪಕ್ಕದಲ್ಲಿ ಕೂತು ರೊಟ್ಟಿ ಬಡಿದವಳು ನಾನು. ತಮ್ಮ ಇದ್ದ, ತೀರಿಕೊಂಡ ಎಂಬುದಷ್ಟೇ ಗೊತ್ತಿತ್ತು. ಹೇಗೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ನಾಕು ಕಾಸಿನ ಲಾಭಕ್ಕ ಯಾರದರೆ ತಮ್ಮನ್ನ..." ಎಂದಳು. ಸುಮನ್‌ತಾಯಿಗೆ ಒಂದು ಮಾತೂ ತಿಳಿದಿರಲಿಲ್ಲ. ಅವರು ಬಂದು ಕಾಶವ್ವನ ಪಕ್ಕದಲ್ಲಿ ಕೂತು ಚಹಾದ ಕಪ್ಪನ್ನು ಅವಳ ಕೈಗಿಟ್ಟರು.

ಅದೇ ಹೊತ್ತಿಗೆ ಓಣಿಯ ಕಂಬದ ಹತ್ತಿರ ಏಣಿ ಹೊತ್ತ ಗಾಡಿ ಬಂತು. ಹೆಲ್ಮೆಟ್ ತೊಟ್ಟ ನಲವತ್ತರ ಗಂಡಸೊಬ್ಬ ಇಳಿದ. ಕಾಶವ್ವ ಚಹಾ ಕೆಳಗಿಟ್ಟು, ಛತ್ರಿಯನ್ನೂ ತೆಗೆದುಕೊಳ್ಳದೆ ಅವನ ಹತ್ತಿರ ಹೋದಳು. ನಾನೂ ಗುರುಪಾದನೂ ಹಿಂದೆ ಓಡಿದೆವು.

"ತಮ್ಮಾ, ಸೋಲಾರ್ ಅದಾವು ಈ ಓಣ್ಯಾಗ. ಹುಶಾರಿ" ಎಂದಳು, ಕನ್ನಡದಲ್ಲೇ.

ಅವನು ತಿರುಗಿ ನೋಡಿ ನಕ್ಕ. "ಗೊತ್ತೈತ್ರಿ ಯವ್ವಾ. ನೀವು ಯಾ ಊರವ್ರು?"

ಗಡಿಯ ಜತ್ತದ ಕಡೆಯವನಂತೆ. ಹೆಸರು ಸಿದ್ಧರಾಮ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಮರಾಠಿ. ಕಾಶವ್ವ ಅವನ ತೋಳು ಹಿಡಿದವಳು ಬಿಡಲಿಲ್ಲ. ಅವನು ಅವಸರ ಮಾಡಲಿಲ್ಲ. ತನ್ನ ಸಾಮಾನಿನಿಂದ ಉದ್ದ ಕೋಲು, ಅದಕ್ಕೆ ಕಟ್ಟಿದ ದಪ್ಪ ತಂತಿ ತೆಗೆದು ತೋರಿಸಿದ. "ನಾ ಯಾರನ್ನೂ ನಂಬಂಗಿಲ್ರಿ. ಲೈನ್ ಬಂದ್ ಐತಿ ಅಂತ ಸಾಹೇಬ್ರು ಹೇಳಿದ್ರೂ ಮೊದಲ ಟೆಸ್ಟ್ ಮಾಡತೀನಿ. ಆಮ್ಯಾಲ ಈ ತಂತಿ ಸಿಗಸಿ ನೆಲಕ್ಕ ಜೋಡಸತೀನಿ. ಯಾರ ಮನ್ಯಾಗಿಂದ ಕಳ್ಳನಂಗ ಬಂದ್ರೂ ನೆಲಕ್ಕ ಇಳದು ಹೊಕ್ಕೈತಿ. ಆಮ್ಯಾಲ ನನ್ನ ಕೈ."

"ದಿನಾ ಮಾಡತೀ?"

"ದಿನಾ ರೀ. ಮನ್ಯಾಗ ಮೂರ ಮಂದಿ ಕಾಯತಾರ."

ಅವನು ಹೇಳಿದಂತೆಯೇ ಒಂದೊಂದಾಗಿ ಮಾಡಿ, ಪ್ರತಿ ಸಲವೂ ಕೆಳಗೆ ನೋಡಿ "ಆತ್ರಿ" ಎಂದು ಅವಳಿಗೆ ಹೇಳಿ, ಆಮೇಲೆ ಏರಿದ. ತುಂತುರು ಬೀಳುತ್ತಲೇ ಇತ್ತು. ನಾನು ಛತ್ರಿ ತಂದು ಹಿಡಿದೆ. ಅವಳು ಒಳಗೆ ಬರಲಿಲ್ಲ. ಮುಕ್ಕಾಲು ಗಂಟೆ ಕಂಬದ ಕೆಳಗೆ ಕತ್ತು ಮೇಲೆತ್ತಿ ನಿಂತಿದ್ದಳು. ಓಣಿಯವರು ಈ ಮುದುಕಿ ಯಾರು ಎಂದು ಬಾಗಿಲಿಗೆ ಬಂದು ನೋಡಿದರು. ಅವನು ಇಳಿದು ನೆಲಕ್ಕೆ ಕಾಲಿಟ್ಟ ಮೇಲೆಯೇ ಅವಳು ಕತ್ತು ಇಳಿಸಿ, ನೋವಾಯಿತೆಂದು ಉಜ್ಜಿಕೊಂಡಳು.

ಅವನನ್ನು ಕೇಂದ್ರದಲ್ಲಿ ಕೂಡಿಸಿ ರೊಟ್ಟಿ, ಕಡಲೆಹಿಟ್ಟಿನ ಪಿಠಲಾ ಬಡಿಸಿದಳು. ಅವನು ಒಂದು ತುತ್ತು ತಿಂದು, "ಇದು ಭಾಕರಿ ಅಲ್ರಿ, ಇದು ರೊಟ್ಟಿ" ಎಂದ. ಐದು ತಿಂದ.

ಬರುವಾಗ ಲೋಕಲ್ ರೈಲಿನಲ್ಲಿ ಕಾಶವ್ವ ಗುರುಪಾದನಿಗೆ ಹೇಳಿದಳು: "ನಾದೂದಕ್ಕ, ಒತ್ತೂದಕ್ಕ, ದೀಪಕ್ಕ ಹಚ್ಚು. ಬೇಸೂದು ಗ್ಯಾಸಿನ ಮ್ಯಾಲ ಇರಲಿ. ಬ್ಯಾಟರಿ ಯಾಕ ಸುಡಬೇಕು?" ಅವನು ಕಾಗದ ತೆಗೆದು ಬರೆದುಕೊಂಡ.

ಮರಳಿ ನಮ್ಮೂರು

ದೀಪಾವಳಿ ಮುಗಿದ ಮೇಲೆ ಗುರುಪಾದನೇ ಬಂದು ನಮ್ಮ ಕೇಂದ್ರಕ್ಕೆ ಸೋಲಾರ್ ಕೂಡಿಸಿದ. ಊರೆಲ್ಲ ನೋಡಲು ಬಂತು. ಮಾಳಿಗೆಯ ಮೇಲೆ ಶೇಂಗಾ ಒಣಗಿಸುತ್ತಿದ್ದ ಮುದುಕರು ತಮ್ಮ ಜಾಗ ಹೋಯಿತೆಂದು ಎರಡು ದಿನ ಮುನಿಸಿಕೊಂಡು, ಆಮೇಲೆ ಪ್ಯಾನಲ್‌ಗಳ ಕೆಳಗಿನ ನೆರಳಿನಲ್ಲಿ ಕೂರಬಹುದು ಎಂದು ಕಂಡುಕೊಂಡರು. ಈಗ ಕರೆಂಟು ಹೋದರೂ ನಾದಿದ ಹಿಟ್ಟು ಕೆಡುವುದಿಲ್ಲ. ಪುಣೆಯ ಮಾತು ಬಂದಾಗಲೆಲ್ಲ ಕಾಶವ್ವ ಎಲ್ಲರಿಗೂ "ಬಸಾ" ಎನ್ನುತ್ತಾಳೆ.

ಮೊದಲ ದಿನದ ಪೂಜೆ ಹತ್ತು ಗಂಟೆಗೆಂದು ನಿಶ್ಚಯವಾಗಿತ್ತು. ತೆಂಗಿನಕಾಯಿ, ಊದುಬತ್ತಿ ಎಲ್ಲ ಸಿದ್ಧವಾಗಿ ಹತ್ತು ಮಂದಿ ಕಾಯುತ್ತಿದ್ದೆವು. ಕಾಶವ್ವ ಮಾತ್ರ ಇರಲಿಲ್ಲ. ಮನೆಯಲ್ಲಿಯೂ ಇಲ್ಲ. ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಬಿಸಿಲಲ್ಲಿ ನಡೆದು ಬಂದಳು. ಮುಖವೆಲ್ಲ ಬೆವರು.

ಮುಧೋಳದ ವಿದ್ಯುತ್ ಕಚೇರಿಗೆ ಹೋಗಿದ್ದಳಂತೆ. ನಮ್ಮೂರ ಲೈನಿನ ಮೇಲೆ ಕೆಲಸ ಮಾಡುವ ನಾಲ್ವರನ್ನೂ ಹೆಸರು ಕೇಳಿ, ಹೊರಗೆ ಕರೆದು, ಎದುರಿಗೆ ನಿಲ್ಲಿಸಿಕೊಂಡು ಹೇಳಿ ಬಂದಿದ್ದಳು: "ಇವತ್ತಿನಿಂದ ನಮ್ಮ ಮಾಳಗಿ ಮ್ಯಾಲೂ ಕರೆಂಟು ಐತಿ. ಪೆಟಗಿ ತಾನ ಕಡಕೋತೈತಿ ಅಂತಾರ, ನಾ ನೋಡೇನಿ. ಆದ್ರೂ ನಮ್ಮೂರ ಕಂಬ ಹತ್ತೂ ಮುಂದ ನನಗ ಒಂದ್ ಫೋನ್ ಮಾಡ್ರಿ. ನಾ ಬಂದು ಕೆಳಗ ನಿಂದರತೀನಿ."